ನಾಲ್ಕು ಮಡಿಕೆಯ ಫ್ರಾಕು

ಆಪರೇಶನ್ನಿನ ಕಾಗದಕ್ಕೆ ಸಹಿ ಹಾಕಿ ಎಂದರೆ ಸುಗಂಧಿ ಡಾಕ್ಟರರ ಕೋಟಿನ ಗುಂಡಿಯನ್ನೇ ನೋಡುತ್ತಿದ್ದಳು. ಕಟಪಾಡಿಯಲ್ಲಿ ಹತ್ತು ವರ್ಷದಿಂದ ಹೊಲಿಗೆ ಮೆಷಿನ್ ತುಳಿಯುವ ಹೆಂಗಸು, ಅವಳ ಕಣ್ಣು ಬೇರೆ ಎಲ್ಲಿಗೆ ಹೋದೀತು? ಗುಂಡಿ ಒಂದೇ ನೂಲಿನಲ್ಲಿ ನೇತಾಡುತ್ತಿತ್ತು.

"ಇದನ್ನು ಹೊಲಿದದ್ದು ಯಾರು ಡಾಕ್ಟ್ರೇ?"

"ನಾನೇ, ಬೆಳಿಗ್ಗೆ ಅವಸರದಲ್ಲಿ. ಯಾಕೆ?" ಎಂದರು ಡಾಕ್ಟರ್ ಹೃಷೀಕೇಶ.

"ದೇವರೇ! ನಾಳೆ ನನ್ನ ಎದೆಯೊಳಗೆ ಹೊಲಿಯುವವರೂ ನೀವೇ ಅಲ್ವಾ?"

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅವಳಿಗೆ ಹುಟ್ಟಿನಿಂದಲೇ ಒಂದು ಕಡೆ ಇಕ್ಕಟ್ಟು. ಒಂಬತ್ತನೆಯ ವಯಸ್ಸಿನಲ್ಲಿ ಮದರಾಸಿನಲ್ಲಿ ಸರಿಮಾಡಿಸಿದ್ದರು. ಇಪ್ಪತ್ತೆರಡು ವರ್ಷ ಸುಖವಾಗಿಯೇ ಕಳೆಯಿತು. ಈಗ, ಎಂಬತ್ತಾರನೇ ಇಸವಿಯಲ್ಲಿ, ಮಣಿಪಾಲದ ಎಕ್ಸ್‌ರೇಯಲ್ಲಿ ಆ ಜಾಗದ ಪಕ್ಕದಲ್ಲೇ ನಾಳ ಉಬ್ಬಿದ್ದು ಕಂಡಿತ್ತು. ಬಿಟ್ಟರೆ ಒಡೆದೀತು.

"ಹಳೆ ಹೊಲಿಗೆ ಬಿಟ್ಟಿತಾ ಹಾಗಾದರೆ?"

"ಹೊಲಿಗೆ ಗಟ್ಟಿ ಉಂಟು. ಪಕ್ಕದ ಬಟ್ಟೆ ತೆಳುವಾಗಿದೆ." ಡಾಕ್ಟರರು ಅವಳ ಭಾಷೆಗೇ ಇಳಿದರು. "ಆ ತುಂಡು ತೆಗೆದು ಟೆರಿಲಿನ್ನಿನ ಕೊಳವೆ ಕೂರಿಸುತ್ತೇವೆ."

"ಟೆರಿಲಿನ್ನಾ? ಪ್ಯಾಂಟಿನದ್ದಾ?"

"ಅದೇ ಜಾತಿಯದ್ದು."

"ಆಮೇಲೆ ಕುಗ್ಗದ ಹಾಗೆ ನೆನೆಸಿ ತಾನೇ ಹೊಲಿಯುವುದು?"

"ನೆನೆಸುತ್ತೇವೆ. ನೀರಿನಲ್ಲಲ್ಲ, ನಿಮ್ಮದೇ ರಕ್ತದಲ್ಲಿ. ಆಮೇಲೆ ನೇಯ್ಗೆಯ ಸಂದಿನಲ್ಲಿ ಸೋರುವುದಿಲ್ಲ."

ಸುಗಂಧಿಗೆ ಈ ಮಾತು ಬಹಳ ಹಿಡಿಸಿತು. ಆದರೂ ಪೆನ್ನು ಮುಟ್ಟಲಿಲ್ಲ. ತಲೆದಿಂಬಿನ ಅಡಿಯಿಂದ ಸೂಜಿ ನೂಲು ತೆಗೆದು ಡಾಕ್ಟರರ ಕೈಗೇ ಕೊಟ್ಟಳು. "ಮೊದಲು ಗುಂಡಿ."

ಪುಣ್ಯಾತ್ಮ ಡಾಕ್ಟರ್! ಕೋಟು ಕಳಚಿ, ಮಂಚದ ತುದಿಯಲ್ಲಿ ಕೂತು, ವಾರ್ಡಿಗೆ ವಾರ್ಡೇ ನೋಡುತ್ತಿರುವಾಗ ಹೊಲಿದರು. ನರ್ಸ್ ಗ್ಲ್ಯಾಡಿಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಸುಗಂಧಿ ಗುಂಡಿಯನ್ನು ಹಿಡಿದು ಜಗ್ಗಿದಳು. ಅಲುಗಲಿಲ್ಲ. ಸಹಿ ಹಾಕಿದಳು.

ಸೂಜಿ ಹಿಂದೆ ಕೊಡುವಾಗ ಡಾಕ್ಟರರಿಗೆ ಅವಳ ಮಡಿಲಲ್ಲಿದ್ದ ಹಳದಿ ಫ್ರಾಕು ಕಾಣಿಸಿತು. "ಮಗಳದ್ದಾ? ಅಂಚು ಎಂತ ಇಷ್ಟು ದಪ್ಪ?"

"ಒಳಗೆ ನಾಲ್ಕು ಮಡಿಕೆ ಇಟ್ಟಿದ್ದೇನೆ. ಬದಿಯಲ್ಲೂ ಬಟ್ಟೆ ಬಿಟ್ಟಿದ್ದೇನೆ. ವರ್ಷಕ್ಕೊಂದು ಮಡಿಕೆ ಬಿಚ್ಚಿದರಾಯಿತು. ಪಂಕಜಾಳಿಗೆ ಈಗ ಎಂಟು. ಹನ್ನೆರಡರವರೆಗೆ ಅಮ್ಮ ಹೊಲಿದದ್ದನ್ನೇ ಹಾಕಿಯಾಳು..." ಅವಳು ಫ್ರಾಕಿನ ಅಂಚನ್ನು ಬೆರಳಿನಿಂದ ಒತ್ತಿ ನೇರ ಮಾಡಿದಳು. "ನಾನು ಇಲ್ಲದಿದ್ದರೂ."

ಡಾಕ್ಟರರು ಕೋಟು ತೊಟ್ಟುಕೊಂಡರು. "ಗುಂಡಿ ಜಗ್ಗಿ ನೋಡಿದ್ದೀರಲ್ಲ" ಎಂದಷ್ಟೇ ಹೇಳಿ ಹೋದರು.

ಆಪರೇಶನ್ ಆಗಿ ಹದಿನೈದನೆಯ ದಿನ ಸುಗಂಧಿ ಮನೆಗೆ ಹೊರಟಳು. ಕರೆದೊಯ್ಯಲು ಅಪ್ಪನ ಜೊತೆ ಬಂದ ಪಂಕಜಾ ಅಲ್ಲೇ ಫ್ರಾಕು ಹಾಕಿಕೊಂಡು ನಾಲ್ಕು ಹೆಜ್ಜೆ ಓಡಿ ನಿಂತಳು.

"ಅಮ್ಮ, ಕೆಳಗೆ ಭಾರ ಉಂಟು. ಓಡಲಿಕ್ಕೇ ಆಗುವುದಿಲ್ಲ."

ಸುಗಂಧಿ ಗ್ಲ್ಯಾಡಿಸಳಿಂದ ಕತ್ತರಿ ಕೇಳಿ ತೆಗೆದುಕೊಂಡಳು. ಮಡಿಕೆಗಳನ್ನೆಲ್ಲ ಬಿಚ್ಚಿ, ಮಗಳ ಮೊಣಕಾಲಿನ ಅಳತೆಗೆ ಸುತ್ತಲೂ ಕತ್ತರಿಸಿಯೇ ಬಿಟ್ಟಳು.

"ಅಯ್ಯೋ ಮಾರಾಯ್ತಿ, ನಾಲ್ಕು ವರ್ಷದ ಬಟ್ಟೆ ಅದು!"

"ಇರಲಿ ಸಿಸ್ಟರ್." ಸುಗಂಧಿ ಸೂಜಿಗೆ ನೂಲು ಪೋಣಿಸಿದಳು. "ಬರುವ ವರ್ಷ ಹೊಸತು ಹೊಲಿಯಲಿಕ್ಕುಂಟು."