ಹೋದ ಷೋನ ಸೆಟ್ಟಿಂಗ್

ಆರ್ಕೆಸ್ಟ್ರಾದ ಯಜಮಾನರೂ ಮುಖ್ಯ ಗಾಯಕರೂ ಆದ ದೊರೆಸ್ವಾಮಿಯವರು ಹೊಸ ಡಿಜಿಟಲ್ ಮಿಕ್ಸರ್ ಕೊಂಡು, ಅದನ್ನು ತಾವೂ ಕಲಿಯಲೇಬೇಕೆಂದು ಹಟ ಹಿಡಿದರು. ಸೌಂಡ್ ನೋಡಿಕೊಳ್ಳುವ ಜಬೀವುಲ್ಲಾನಿಗೆ ಬೇರೆ ದಾರಿಯಿರಲಿಲ್ಲ.

“ಹೋದ ಷೋನಲ್ಲಿ ಹೆಂಗಿತ್ತೋ ಹಂಗೇ ನೆನಪಿಟ್ಕೊಂಡಿರುತ್ತೆ ಅಣ್ಣ” ಎಂದು ಅವತ್ತಿನ ಷೋಗೆ ಮುಂಚೆ ಕಲಿಸುತ್ತ ಬಾಯಿತಪ್ಪಿ ಹೇಳಿಬಿಟ್ಟ.

“ಯಾವ ಬಟನ್ನು? ಇದಾ?”

ತಡೆಯುವಷ್ಟರಲ್ಲಿ ಒತ್ತಿಯಾಗಿತ್ತು. ಒಬ್ಬೊಬ್ಬರ ದನಿ ಏರಿಸಿ ಇಳಿಸಲು ಸಾಲಾಗಿದ್ದ ಫೇಡರುಗಳೆಲ್ಲ ತಾವಾಗಿಯೇ ಸರ್ರನೆ ಮೇಲೇರಿದವು. ‘ಅಣ್ಣ’ ಎಂದು ಚೀಟಿ ಅಂಟಿಸಿದ್ದು ಮಾತ್ರ ತಳ ಬಿಟ್ಟು ಅಲುಗಲಿಲ್ಲ.

“ನಂದ್ಯಾಕೆ ಕೆಳಗೇ ಇದೆ?”

ಜಬೀವುಲ್ಲಾ ತಲೆ ತಗ್ಗಿಸಿದ. “ನಿಮ್ಮ ವಾಯ್ಸು ನಿಮ್ಮ ಮುಂದಿರೋ ಸ್ಪೀಕರಿಗೆ ಮಾತ್ರ ಬರುತ್ತೆ ಅಣ್ಣ. ಜನಕ್ಕೆ ಹೋಗಲ್ಲ.”

“ಮತ್ತೆ ಜನ ಕೇಳ್ತಿರೋದು ಯಾರನ್ನ?”

“ಹಿಂದೆ ನಿಂತು ಕೋರಸ್ ಹಾಡ್ತಾನಲ್ಲ, ಪುಟ್ಟಮಾದು. ಅವನನ್ನ.”

“ಯಾವಾಗಿಂದ?”

“ನಿಮಗೆ ಗಾನಕೇಸರಿ ಬಿರುದು ಕೊಟ್ರಲ್ಲ, ಅದಕ್ಕೂ ಮುಂಚಿಂದ.”

ದೊರೆಸ್ವಾಮಿ ಆ ಫೇಡರನ್ನೇ ನೋಡುತ್ತ ನಿಂತರು. ತನ್ನ ಕೆಲಸ ಹೋಯಿತೆಂದೇ ಜಬೀವುಲ್ಲಾ ತಿಳಿದ. ಅತ್ತ ಜನ ಆಗಲೇ ಶಿಳ್ಳೆ ಹೊಡೆಯತೊಡಗಿದ್ದರು. ಶಾಲು ಸರಿಮಾಡಿಕೊಂಡು ವೇದಿಕೆಯ ಮೆಟ್ಟಿಲು ಹತ್ತಿದ ದೊರೆಸ್ವಾಮಿ ತಿರುಗಿ ನೋಡಿದರು.

“ಇವತ್ತು ಪುಟ್ಟಮಾದೂನ ಇನ್ನೊಂಚೂರು ಜಾಸ್ತಿ ಇಡು. ನನಗೆ ಗಂಟಲು ಸರಿಯಿಲ್ಲ.”