ಹೆಬ್ಬೆರಳಿನ ಉತ್ತರ

"ಸಿಸ್ಟರ್, ಅಂಗೂಠಾ ನಹೀಂ, ಪರ್ಮಿಟ್ ದಿಖಾವೋ," ಹೆಬ್ಬೆರಳಲ್ಲ, ಪರ್ಮಿಟ್ ತೋರಿಸು ಎಂದು ಕುವೈತ್ ವಿಮಾನ ನಿಲ್ದಾಣದ ಕೌಂಟರಿನವನು ಫ್ರೀಡಾಳ ಫೋನನ್ನು ಹಿಂದಕ್ಕೆ ತಳ್ಳಿದ. ದೇಶ ಬಿಡಲು ಕಂಪನಿಯ ಎಕ್ಸಿಟ್ ಪರ್ಮಿಟ್ ಬೇಕು; ಅದಕ್ಕೆ ದುಬೈಯಲ್ಲಿರುವ ಮ್ಯಾನೇಜರ್ ಕಮಲಾಕ್ಷ ತಮ್ಮ ಲ್ಯಾಪ್‌ಟಾಪಿನಲ್ಲಿ ಒಪ್ಪಿಗೆ ಒತ್ತಬೇಕು. ಮೂರು ದಿನದಿಂದ ಅವಳ ಪ್ರತಿ ಮೆಸೇಜಿಗೂ ಅವರಿಂದ ಹೆಬ್ಬೆರಳಿನ ಚಿತ್ರವೊಂದು ಬರುತ್ತಿತ್ತು, ಒಪ್ಪಿಗೆ ಮಾತ್ರ ಬರಲಿಲ್ಲ.

ಕೌಂಟರ್ ಮುಚ್ಚಲು ಹತ್ತು ನಿಮಿಷವಿತ್ತು. ನಾಳೆ ಬೆಳಿಗ್ಗೆ ಮಂಗಳೂರಿನಲ್ಲಿ ಅಮ್ಮನ ಹೃದಯದ ಆಪರೇಷನ್. ಅಜ್ಜಿಯ ಕಥೆಯ ರಾಕ್ಷಸನ ಜೀವ ಏಳು ಕಡಲಾಚೆಯ ಗಿಳಿಯಲ್ಲಿದ್ದ ಹಾಗೆ, ತನ್ನ ಜೀವ ಆ ಬೆರಳಲ್ಲಿದೆ ಎನಿಸಿತು ಅವಳಿಗೆ. ಸರ್‌ಗೆ ಎಂದೂ ಫೋನ್ ಮಾಡದವಳು ಈಗ ಮಾಡಿಯೇಬಿಟ್ಟಳು.

ಎತ್ತಿದ್ದು ಹೆಂಗಸು. "ಫ್ರೀಡಾ ಅಲ್ವಾ? ನಾನು ಅವರ ಹೆಂಡತಿ, ಮೋಹಿನಿ. ಇವರಿಗೆ ಪ್ರಜ್ಞೆ ಇಲ್ಲ, ಐಸಿಯುನಲ್ಲಿ ಇದ್ದಾರೆ, ಮೂರು ದಿನ ಆಯ್ತು. ಕೆಲಸ ಹೋಗ್ತದೆ ಅಂತ ಹೆದರಿ ಎಲ್ಲರ ಮೆಸೇಜಿಗೂ ನಾನೇ ಹೆಬ್ಬೆರಳು ಒತ್ತಿದ್ದು. ಆಫೀಸಲ್ಲಿ ಹೇಳ್ಬೇಡಿ."

"ಅಕ್ಕಾ, ನಾಳೆ ನನ್ನ ಅಮ್ಮನ ಆಪರೇಷನ್," ಎಂದಷ್ಟೇ ಫ್ರೀಡಾ ಹೇಳಿದಳು.

ಆ ಕಡೆಯಿಂದ ಬ್ಯಾಗಿನ ಜಿಪ್ಪು ಎಳೆದ ಸದ್ದು.

"ಇವರ ಲ್ಯಾಪ್‌ಟಾಪ್ ನನ್ನ ಹತ್ರವೇ ಉಂಟು," ಎಂದಳು ಮೋಹಿನಿ. "ಎಲ್ಲಿ ಒತ್ತಬೇಕು, ಬೇಗ ಹೇಳು ಮಾರಾಯ್ತಿ."