ಕಿಟಕಿ ಇಲ್ಲದ ಗೋಡೆ

ಪಾತ್ರೆ ತೊಳೆದದ್ದಾಯಿತು, ಮಕ್ಕಳೂ ಮಲಗಿದರು... ಕಣ್ಣು ಮುಚ್ಚುವ ಮುಂಚೆ ನಿಮಗೊಂದು ಕಥೆ ಹೇಳಿಬಿಡುತ್ತೇನೆ.

ಧಾರವಾಡದ ಒಂದು ಓಣಿಯಲ್ಲಿ ನಾಗವೇಣಿ ಎಂಬ ನರ್ಸ್ ಇದ್ದಳು. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಡ್ಯೂಟಿ. ಬೆಳಿಗ್ಗೆ ಬಂದು ಮಕ್ಕಳ ಡಬ್ಬಿ ಕಟ್ಟಿ, ಅತ್ತೆಗೆ ಮಾತ್ರೆ ಕೊಟ್ಟು, ಹಿಂದಿನ ಕೋಣೆಯಲ್ಲಿ ಮಲಗಿದರೆ ಮಧ್ಯಾಹ್ನದವರೆಗೆ ನಿದ್ದೆ.

ಅವಳದು ಮೂರು ಕೋಣೆಯ ಮನೆ. ಆದರೆ ಅವಳದೆನ್ನುವ ಒಂದು ಮೂಲೆಯೂ ಅದರಲ್ಲಿರಲಿಲ್ಲ...

ಕಪಾಟು ಗಂಡನದು, ಮೇಜು ಮಕ್ಕಳದು, ಮಂಚ ಅತ್ತೆಯದು. ಅವಳ ಕೈಚೀಲಕ್ಕೆ ಸಿಕ್ಕಿದ್ದು ಫ್ರಿಜ್ ತಲೆ.

ಹೀಗಿರುವಾಗ ಪಕ್ಕದ ಖಾಲಿ ಜಾಗದಲ್ಲಿ ಪಾಯ ತೋಡಿದರು. ತಬಲಾ ಕಲಿಸುವ ವತ್ಸಲಾ ಎಂಬವರ ಮನೆ. ಐವತ್ತು ದಾಟಿದ್ದರು, ಇರುವುದು ಒಬ್ಬರೇ.

"ಇದು ಮನಿಯೋ, ತಬಲಾ ಇಡೂ ಪೆಟಗಿಯೋ?" ಎಂದು ಓಣಿಯವರು ನಕ್ಕರು. ಅಷ್ಟು ಚಿಕ್ಕದು.

ಮನೆ ಮುಗಿದ ಮೇಲೆ ನಗು ನಿಂತಿತು...

ಇಡೀ ಮನೆಯೇ ಒಂದು ಕೋಣೆ. ನಡುವೆ ಕೂತು ಬಾರಿಸಲು ಮರದ ಕಟ್ಟೆ, ರಾತ್ರಿ ಅದೇ ಹಾಸಿಗೆ. ಕೂತಲ್ಲಿಂದಲೇ ಕೈಗೆಟಕುವ ಗೂಡುಗಳಲ್ಲಿ ತಬಲಾಗಳು. ಬಾರಿಸುವ ಬೆರಳಿನ ಮೇಲೆ ಸರಿಯಾಗಿ ಬೆಳಕು ಬೀಳುವಂತೆ ಬೀದಿಯ ಕಡೆಗೊಂದು ತಗ್ಗು ಕಿಟಕಿ. ಅಡುಗೆ ಜಾಗ ಬಾಗಿಲು ಹಾಕಿದರೆ ಕಪಾಟಿನಂತೆ ಮಾಯ.

ಎಲ್ಲರೂ ಹೋಗಿ ನೋಡಿ ಬಂದರು. ನಾಗವೇಣಿ ಹೋಗಲಿಲ್ಲ. ಅತ್ತೆ ವರ್ಣಿಸಿದ್ದನ್ನು ರೊಟ್ಟಿ ಬೇಯಿಸುತ್ತಾ ಕೇಳಿದಳು... ಅವತ್ತು ರೊಟ್ಟಿಯೆಲ್ಲ ಸೀದವು.

ಒಬ್ಬಳಿಗಾಗಿ ಒಂದಿಡೀ ಮನೆ!

ವತ್ಸಲಾ ಮೆಟ್ಟಿಲ ಮೇಲೆ ಕೂತು ಚಹಾ ಬಿಸಿಯಿರುವಾಗಲೇ ಕುಡಿಯುವುದನ್ನು ಕಂಡರೂ ಸಂಕಟ. ಅವರ ಹಗ್ಗದ ಮೇಲೆ ಒಂದೇ ಸೀರೆ ಒಣಗುವುದನ್ನು ಕಂಡರೂ ಸಂಕಟ. ಅವರು ನಕ್ಕರೆ ಇವಳು ಮುಖ ತಿರುಗಿಸುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಆ ಗೋಡೆ... ನಾಗವೇಣಿಯ ಮನೆಯ ಕಡೆಗೆ ಒಂದು ಕಿಟಕಿಯೂ ಇರಲಿಲ್ಲ.

ನಮ್ಮ ಮುಖ ನೋಡಬಾರದೆಂದೇ ಹಾಗೆ ಕಟ್ಟಿಸಿದ್ದಾಳೆ, ಸೊಕ್ಕು ಎಂದು ಬೀದಿ ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿದಳು.

ಬೇಸಿಗೆ ರಜೆ ಬಂತು. ಒಂದು ದಿನ ಎಚ್ಚರವಾದಾಗ ಮಗಳು ಸ್ಫೂರ್ತಿ ಮನೆಯಲ್ಲಿಲ್ಲ. ದಿನವೂ ವತ್ಸಲಾಬಾಯಿಯ ಮನೆಗೆ ಹೋಗುತ್ತಾಳೆ ಎಂದರು ಅತ್ತೆ.

ದರದರನೆ ಎಳೆದು ತರಬೇಕೆಂದೇ ನಾಗವೇಣಿ ಹೋದಳು...

ಒಳಗೆ ಕಾಲಿಟ್ಟರೆ ಕಾದ ಹಂಚಿನಂಥ ಧಗೆ. ವತ್ಸಲಾ ಬೆವರಿಗೆ ಅಂಗೈ ಜಾರದಿರಲೆಂದು ಪೌಡರ್ ಹಚ್ಚಿಕೊಳ್ಳುತ್ತಿದ್ದರು. ಎದುರಿಗೆ ಸ್ಫೂರ್ತಿ, ಬೆರಳು ತಬಲಾದ ಮೇಲೆ. ತಾಯಿ ಏಳು ಎಂದರೂ ಅವಳು ಏಳಲಿಲ್ಲ. ಮಗಳ ಮುಖದಲ್ಲಿ ಅಂಥ ಖುಷಿಯನ್ನು ನಾಗವೇಣಿ ಕಂಡೇ ಇರಲಿಲ್ಲ... ಅದಕ್ಕೂ ಹೊಟ್ಟೆ ಉರಿಯಿತು.

"ಇಷ್ಟ ಧಗಿ ಐತಿ, ಈ ಕಡೆ ಒಂದ ಕಿಟಕಿ ಇಡಬಾರದಿತ್ತೇನ್ರಿ? ನಮ್ಮ ಮಾರಿ ಅಷ್ಟೂ ಬ್ಯಾಡಾಗಿತ್ತೇನು?"

ವತ್ಸಲಾ ಸಿಟ್ಟಾಗಲಿಲ್ಲ. ಮೊದಲು ಒಂದು ಲೋಟ ನೀರು ಕೊಟ್ಟರು.

"ನಕ್ಷಾದಾಗ ಕಿಟಕಿ ಇತ್ತವ್ವಾ. ಗಾಳಿ ಬರೂದೂ ಆ ಕಡೆಯಿಂದನ... ಪಾಯಾ ತೋಡೂ ಮುಂದ ದಿನಾ ಮುಂಜಾನೆ ನಿನ್ನ ನೋಡತಿದ್ದೆ. ಡ್ಯೂಟಿ ಮುಗಿಸಿ ಬಂದು, ಹಿಂದಿನ ಖೋಲಿ ಕಿಟಕಿಗೆ ಚಾದರ ಕಟ್ಟಿ ಮಲಗತಿದ್ದಿ. ನಾನ ಗೌಂಡಿಗೆ ಹೇಳಿ ಕಿಟಕಿ ಬ್ಯಾಡಂದೆ."

ಅಂಗೈಯ ಪೌಡರ್ ಒರೆಸಿಕೊಳ್ಳುತ್ತಾ ಹೇಳಿದರು: "ಈ ಸದ್ದಿಗೇ ಎಷ್ಟೋ ಬಾಡಿಗಿ ಮನಿ ಬಿಡಿಸ್ಯಾರ ನನ್ನ. ರಾತ್ರಿಯೆಲ್ಲಾ ಮಂದಿ ಜೀವ ಕಾಯ್ದಾಕಿ ನಿದ್ದಿ ಕೆಡಿಸಿ ನಾ ಏನ್ ಬಾರಿಸಲಿ ತಂಗಿ?"

ನಾಗವೇಣಿ ಗೋಡೆಯತ್ತ ನೋಡಿದಳು. ಉದ್ದಕ್ಕೂ ಪದರು ಪದರಾಗಿ ನೇತುಹಾಕಿದ ಹಳೆಯ ಬಟ್ಟೆಯ ಕೌದಿಗಳು... ಸದ್ದು ಹೀರಿಕೊಳ್ಳಲು.

ಆಗ ಹೊಳೆಯಿತು. ಈ ಮನೆಯಾದ ಮೇಲೆ ದೀಪಾವಳಿ, ಸಂಕ್ರಾಂತಿ, ಯುಗಾದಿ ಎಲ್ಲ ಕಳೆದಿದ್ದವು. ಗೋಡೆಯ ಈಚೆ ಇಲ್ಲಿ ದಿನವೂ ಮಕ್ಕಳು ಕಲಿಯುತ್ತಿದ್ದರು.

ಒಮ್ಮೆಯೂ ತಬಲಾ ಸದ್ದಿಗೆ ಅವಳಿಗೆ ಎಚ್ಚರವಾಗಿರಲಿಲ್ಲ...

ಜಗತ್ತಿನಲ್ಲಿ ತನಗೊಂದು ಮೂಲೆಯೂ ಇಲ್ಲ ಎಂದುಕೊಂಡಿದ್ದವಳಿಗೆ, ಇಷ್ಟು ಪುಟ್ಟ ಮನೆಯಲ್ಲಿ ಒಂದಿಡೀ ಗೋಡೆಯೇ ಇತ್ತು!

ಆ ಗೋಡೆಗೇ ಒರಗಿ ಕೂತಳು. ಕಣ್ಣೀರು ನಿಲ್ಲಲಿಲ್ಲ.

"ಅಕ್ಕಾರ... ನಾ ನಲ್ಲಿ ಹತ್ರ ನಿಮ್ಮ ಬಗ್ಗೆ ಏನೇನೋ ಮಾತಾಡೀನಿ."

"ಎಲ್ಲಾ ಕೇಳೀನಿ ತಗೋ. ಬೀದಿ ಕಡೆ ಕಿಟಕಿ ಅದಲ್ಲಾ!"

ಅಳುತ್ತಲೇ ನಕ್ಕಳು. ಎದ್ದು ಹೋಗುವಾಗ ಮಗಳನ್ನು ಕರೆಯಲಿಲ್ಲ. ಬಾಗಿಲಲ್ಲಿ ನಿಂತು ಇಷ್ಟೇ ಕೇಳಿದಳು:

"ಈ ಗ್ವಾಡಿಗೆ ಒಂದ ಸಣ್ಣ ಕಿಟಕಿ ಒಡಸ್ರಿ ಅಕ್ಕಾರ. ನಾ ಮಲಗಿದಾಗ ಮುಚ್ರಿ... ಡ್ಯೂಟಿ ಸೂಟಿ ಇದ್ದ ದಿನ ತಗದ ಇಡ್ರಿ. ನಮ್ಮ ಸ್ಫೂರ್ತಿ ಬಾರಿಸೂದು ನಾನೂ ಕೇಳಬೇಕು."

ಹೊಟ್ಟೆಕಿಚ್ಚಿಗೆ ಪಕ್ಕದವರ ಬಳಿ ಇರುವುದೆಲ್ಲ ಕಾಣುತ್ತದೆ... ನಮಗಾಗಿ ಅವರು ಬಿಟ್ಟುಕೊಟ್ಟದ್ದು ಕಾಣುವುದಿಲ್ಲ.

ನಿಮ್ಮ ನಿದ್ದೆ ಕೆಡದಿರಲೆಂದು ಸದ್ದಿಲ್ಲದೆ ಸೆಕೆಯಲ್ಲಿ ಕೂತವರು ಯಾರಿದ್ದಾರೆ... ಒಮ್ಮೆಯಾದರೂ ಯೋಚಿಸಿದ್ದೀರಾ?